ಗಾಜಿನ ಮೇಲಿನ ಆಶೀರ್ವಾದ

ಅವ್ವನನ್ನು ವಾರಕ್ಕೊಮ್ಮೆ ಮೈಸೂರಿನ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಬಸ್ಸಿನಲ್ಲಿ ಕುಲುಕಿಸಿಕೊಂಡು ಬಂದರೆ ಮಾರನೆಯ ದಿನ ಅವಳು ಏಳುತ್ತಿರಲಿಲ್ಲ. ಅದಕ್ಕೇ ಅಣ್ಣ ಹುಣಸೂರಿನ ಸೈಬರ್ ಸೆಂಟರಿನಲ್ಲಿ ಕೂತು, ಕಂಪ್ಯೂಟರಿನಲ್ಲಿ ಫೋಟೋ ನೋಡಿ, ಬೆಂಗಳೂರಿನ ಯಾವುದೋ ಅಂಗಡಿಯಿಂದ ಹಳೆಯ ಕಾರೊಂದನ್ನು ತರಿಸಿದ. ನಮ್ಮ ಕಡೆ ಹಸು ಕೊಳ್ಳುವಾಗಲೂ ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ಕಾರನ್ನು ಫೋಟೋದಲ್ಲೇ ನೋಡಿ ಕೊಂಡ ಭೂಪ ನಮ್ಮಣ್ಣ.

ಕಾರು ಬಂದ ದಿನವೇ ಪೂಜೆ ಮಾಡಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟಿದ್ದಾಯಿತು. ಅಪ್ಪ ಅಷ್ಟಕ್ಕೇ ಬಿಡದೆ ಬೋರ್ಡು ಬರೆಯುವವನನ್ನು ಕರೆಸಿ ಹಿಂದಿನ ಗಾಜಿನ ಮೇಲೆ ಕೆಂಪು ಬಣ್ಣದಲ್ಲಿ ‘ತಾಯಿಯ ಆಶೀರ್ವಾದ’ ಎಂದು ಬರೆಸಿದರು. ಬರಹವಿಲ್ಲದ ಗಾಡಿ ನಮ್ಮವರ ಕಣ್ಣಿಗೆ ಗಾಡಿಯೇ ಅಲ್ಲ. ಅವ್ವ ಜಗಲಿಯಲ್ಲಿ ಕೂತು ನಾಚಿಕೊಂಡು ನಗುತ್ತಿದ್ದಳು.

ಮೊದಲ ಸಲ ಆಸ್ಪತ್ರೆಗೆ ಹೊರಟಾಗಲೇ ಬಿಳಿಕೆರೆ ಹತ್ತಿರ ಹೊಗೆಯೆದ್ದು ಕಾರು ನಿಂತಿತು. ಎಲ್ಲೋ ಗುದ್ದಿದ ಗಾಡಿಗೆ ಬಣ್ಣ ಬಳಿದು ಮಾರಿದ್ದಾರೆ ಎಂದ ಮೆಕ್ಯಾನಿಕ್. ಅವ್ವನನ್ನು ಬಿಸಿಲಿನಲ್ಲಿ ರಸ್ತೆಬದಿ ಕೂರಿಸಿಕೊಂಡು ಬಸ್ಸಿಗೆ ಕಾದೆವು. ಅಂಗಡಿಯವರ ಮೇಲೂ ಅಣ್ಣನ ಮೇಲೂ ನನಗೆ ಒಟ್ಟಿಗೇ ಮೈಯೆಲ್ಲ ಉರಿಯಿತು.

ಕಾರನ್ನು ಮನೆಗೆ ಎಳೆಸಿ ತಂದು ಅಂಗಡಿಗೆ ಫೋನು ಮಾಡಿದಾಗ ಅಣ್ಣ ಗಾಜಿನ ಬರಹದ ವಿಷಯವನ್ನೂ ಹೇಳಿಬಿಟ್ಟ. ಕೊಟ್ಟ ಹಾಗೇ ಇದ್ದರೆ ಮಾತ್ರ ವಾಪಸ್ಸು, ವಾರದೊಳಗೆ ಅಳಿಸಿ ತನ್ನಿ ಎಂದರು. ಹುಣಸೂರು ಕೋರ್ಟಿನ ವಕೀಲರು ಬೇರೆಯೇ ಹೇಳಿದರು.

“ದೋಷ ಮುಚ್ಚಿಟ್ಟು ಮಾರಿದಾರೆ. ಬರಹ ಇದ್ರೂ ಅವ್ರು ವಾಪಸ್ ತಗೋಬೇಕು ಕಣ್ರೀ. ಗ್ರಾಹಕರ ವೇದಿಕೇಲಿ ಕೇಸ್ ಹಾಕಿ, ಗೆಲ್ತೀರಿ. ಟೈಮ್ ಹಿಡಿಯುತ್ತೆ ಅಷ್ಟೆ.”

ಸಂಜೆ ಅಣ್ಣ ಬ್ಲೇಡು, ಸೀಮೆಎಣ್ಣೆ ಹಿಡಿದು ಕಾರಿನ ಹಿಂದೆ ನಿಂತ. ಅಪ್ಪ ಅಡ್ಡ ಬಂದರು.

“ಕಾಯ್ಲೆ ಬಿದ್ದಿರೋ ತಾಯಿ ಆಶೀರ್ವಾದ ಕೆರ್ದಾಕ್ತೀಯೇನ್ಲಾ? ಕೇಸೇ ಆಕು.”

ಅಣ್ಣನ ಕೈಯೂ ಏಳಲಿಲ್ಲ. ಆಗ ಅವ್ವ ಗೋಡೆ ಹಿಡಿದುಕೊಂಡು ಜಗಲಿಯಿಂದ ಇಳಿದು ಬಂದಳು.

“ಕೊಡ್ಲಾ ಇಲ್ಲಿ. ಕೇಸ್ ಗೆಲ್ಲೋಗಂಟ ನಾನಿರ್ತೀನಾ? ಇದ್ ವಾಪಸ್ ಓದ್ರೆ ಇನ್ನೊಂದ್ ಕಾರಾದ್ರೂ ಬತ್ತದೆ.”

ಅಕ್ಷರ ಅಕ್ಷರವಾಗಿ ಅವಳೇ ಕೆರೆದಳು. ಸುಸ್ತಾದಾಗ ಡಿಕ್ಕಿಗೆ ಒರಗಿಕೊಂಡು ಮತ್ತೆ ಕೆರೆದಳು. ನಾವು ಮೂವರೂ ಅಳುತ್ತ ನಿಂತಿದ್ದೆವು.

ಕಾರು ವಾಪಸ್ಸು ಹೋಯಿತು. ಈ ಸಲ ಕಣ್ಣಾರೆ ನೋಡಿಯೇ ತರುತ್ತೇನೆಂದು ಅಣ್ಣ ಪಿರಿಯಾಪಟ್ಟಣ, ಕೆ.ಆರ್. ನಗರ ಎಂದು ಅಲೆಯತೊಡಗಿದ. ಅಷ್ಟರಲ್ಲಿ ಅವ್ವ ನನ್ನ ಹೆಗಲಿಗೆ ತಲೆಯಿಟ್ಟು ಬಸ್ಸಿನಲ್ಲೇ ಆಸ್ಪತ್ರೆಗೆ ಹೋಗಿಬಂದಳು. ಅವಳ ಉಗುರು ಸಂದಿಯಲ್ಲಿ ಕೆಂಪು ಬಣ್ಣ ಉಳಿದಿತ್ತು. ಅವಳಿಗೆ ಕೊನೆಯ ಸ್ನಾನ ಮಾಡಿಸುವಾಗಲೂ ಅದು ಅಲ್ಲೇ ಇತ್ತು. ನಾನು ಉಜ್ಜಲಿಲ್ಲ.