ಮುಚ್ಚಳ ತೆರೆದೇ ಇದೆ

ನನ್ನೂರು ಇದ್ದ ಜಾಗದಿಂದ ಒಂದಡಿಯೂ ಸರಿದಿಲ್ಲ. ಆದರೆ ಕಾಗದಪತ್ರಗಳನ್ನು ನಂಬುವುದಾದರೆ ನಾನು ಮೂರು ಕಡೆ ಹುಟ್ಟಿದವಳು. ಶಾಲೆಯ ಅಂಕಪಟ್ಟಿಯಲ್ಲಿ ಕುಕನೂರು, ಯಲಬುರ್ಗಾ ತಾಲ್ಲೂಕು, ರಾಯಚೂರು ಜಿಲ್ಲೆ ಎಂದಿದೆ. ತೊಂಬತ್ತೇಳರಲ್ಲಿ ಕೊಪ್ಪಳವೇ ಜಿಲ್ಲೆಯಾದ್ದರಿಂದ ಆಮೇಲಿನ ಕಾಗದಗಳಲ್ಲಿ ಕೊಪ್ಪಳ ಜಿಲ್ಲೆ. ಈಚೆಗೆ ಕುಕನೂರೇ ತಾಲ್ಲೂಕಾಗಿ, ಆಧಾರ್ ಕಾರ್ಡಿನಲ್ಲಿ ಮತ್ತೊಂದು ವಿಳಾಸ. ಆ ಹಳೆಯ ಅಂಕಪಟ್ಟಿಯ ಕೆಳಗೆ ಕೆಂಪು ಶಾಯಿಯಲ್ಲಿ ಇನ್ನೊಂದು ಸಾಲೂ ಇದೆ: ‘ಗಣಿತದಲ್ಲಿ ತೀರಾ ಕಚ್ಚಾ.’ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ನಾನು ಆ ಸಾಲನ್ನು ಯಾರಿಗೂ ತೋರಿಸುವುದಿಲ್ಲ. ನಿಮಗೆ ಹೇಳಿದ್ದೇನೆ, ನಿಮ್ಮಲ್ಲೇ ಇರಲಿ.

ಇದೆಲ್ಲ ನೆನಪಾದದ್ದು ಹತ್ತು ಲ್ಯಾಪ್‌ಟಾಪುಗಳಿಂದ. ಯಾವುದೋ ಕಂಪನಿಯವರು ತಾವು ಬಳಸಿ ಬಿಟ್ಟವನ್ನು ನಮ್ಮ ಕಾಲೇಜಿಗೆ ದಾನ ಕೊಟ್ಟಿದ್ದರು. ಒಳಗಿದ್ದುದನ್ನೆಲ್ಲ ಅಳಿಸಿ ಕೊಟ್ಟಿದ್ದರಿಂದ ಯಂತ್ರ ನಡೆಸಲು ಪುಕ್ಕಟೆ ಸಿಗುವ ಲಿನಕ್ಸ್ ಎಂಬ ತಂತ್ರಾಂಶವನ್ನು ನಾನು ಹಾಕಿದೆ. ಹಾಕಿದ್ದೇನೋ ಸರಿ, ಹತ್ತಕ್ಕೆ ಹತ್ತೂ ಚಾಲೂ ಮಾಡಿದ ಒಂದು ನಿಮಿಷಕ್ಕೆ ಪರದೆ ಕಪ್ಪಾಗಿಸಿಕೊಂಡು ನಿದ್ದೆ ಹೋದವು. ಎಬ್ಬಿಸಿದರೆ ಮತ್ತೊಂದು ನಿಮಿಷ ಎಚ್ಚರ, ಮತ್ತೆ ನಿದ್ದೆ. ಮಧ್ಯಾಹ್ನದ ನನ್ನ ತರಗತಿಯಲ್ಲಿ ಇದಕ್ಕಿಂತ ಹೆಚ್ಚು ಹೊತ್ತು ಎಚ್ಚರ ಇರುವವರಿದ್ದಾರೆ.

ಪ್ರಿನ್ಸಿಪಾಲರು ಬಂದು ನೋಡಿದರು. ‘ಶನಿವಾರ ಗುಜರಿ ಟೆಂಪೋ ಬರ್ತೈತ್ರಿ ಮೇಡಂ. ಮುರುದ ಬೆಂಚಿನ ಜೋಡಿ ಇವನ್ನೂ ಒಗದು ಬಿಡೂಣು’ ಎಂದರು. ಹೇಳಿ ಸುಮ್ಮನಾಗಲಿಲ್ಲ, ದಾಸ್ತಾನು ಪುಸ್ತಕದಲ್ಲಿ ಹತ್ತರ ಮುಂದೆಯೂ ‘ನಿರುಪಯುಕ್ತ’ ಎಂದು ಬರೆಸಿಯೂ ಬಿಟ್ಟರು. ನನಗೆ ಮೈಯೆಲ್ಲ ಉರಿಯಿತು. ನಮ್ಮ ಹುಡುಗಿಯರು ಕಂಪ್ಯೂಟರಿನ ಭಾಗಗಳ ಚಿತ್ರ ಬರೆದು ಅಂಕ ತೆಗೆದುಕೊಳ್ಳುತ್ತಾರೆ. ಕೀಲಿಮಣೆ ಮುಟ್ಟಿದವರು ನಾಲ್ಕು ಮಂದಿ ಇಲ್ಲ. ಶನಿವಾರಕ್ಕೆ ಐದು ದಿನ ಇತ್ತು. ಟೆಂಪೋ ಬರಲಿ, ಬೆಂಚು ಒಯ್ಯಲಿ, ಇವನ್ನು ಮಾತ್ರ ಮುಟ್ಟಗೊಡುವುದಿಲ್ಲ ಎಂದು ನಿರ್ಧರಿಸಿದೆ.

ಮೊದಲು ಮಾಡಿದ್ದು ನಮ್ಮ ಕಡೆಯ ಎಲ್ಲರೂ ಮಾಡುವ ತಪ್ಪು. ಇಲ್ಲಿ ಫ್ಯಾನು ನಿಂತರೆ ಧೂಳು, ಟಿವಿ ಕೆಟ್ಟರೆ ಧೂಳು, ಕೆಮ್ಮು ಬಂದರೂ ಧೂಳು. ವಿಜ್ಞಾನ ಓದಿದವಳಾದ ನಾನೂ ಹೆಚ್ಚು ಯೋಚಿಸದೆ ತಪ್ಪನ್ನು ಧೂಳಿನ ಮೇಲೆಯೇ ಹಾಕಿದೆ. ಕಚೇರಿಯ ಗುಮಾಸ್ತ ಶರಣಪ್ಪನವರು ತಿರುಪು ಬಿಚ್ಚಿದರು, ನಾನು ಬಣ್ಣದ ಬ್ರಷ್ಷಿನಿಂದ ಒರೆಸಿದೆ. ಎರಡು ದಿನ ಹೋಯಿತು. ಲ್ಯಾಪ್‌ಟಾಪುಗಳು ಫಳಫಳ ಹೊಳೆಯುತ್ತ ನಿದ್ದೆ ಹೋದವು.

ಬುಧವಾರ, ಮೊದಲೇ ಮಾಡಬೇಕಾಗಿದ್ದ ಕೆಲಸ ಮಾಡಿದೆ. ಯಂತ್ರ ತನ್ನ ಪಾಡಿಗೆ ಬರೆದುಕೊಳ್ಳುವ ದಿನಚರಿಯನ್ನು ಒಂದೊಂದು ನಿಮಿಷದ ಕಂತಿನಲ್ಲಿ ಓದಿದೆ. ವಿಷಯ ಇಷ್ಟೇ. ಪ್ರತಿ ಯಂತ್ರದೊಳಗೂ ಫರ್ಮ್‌ವೇರ್ ಎಂಬ ಹುಟ್ಟಿನಿಂದಲೇ ಬಂದ ಬರಹ ಇರುತ್ತದೆ. ಬ್ಯಾಟರಿ ಎಲ್ಲಿದೆ, ಫ್ಯಾನು ಎಷ್ಟು, ಮುಚ್ಚಳ ತೆರೆದಿದೆಯೋ ಇಲ್ಲವೋ ಎಂದು ಅದು ಹೇಳುತ್ತದೆ. ಲಿನಕ್ಸಿನ ತಿರುಳಾದ ಕರ್ನಲ್, ಚಾಲೂ ಆದೊಡನೆ ಅದನ್ನು ಕೇಳಿ ನಂಬುತ್ತದೆ. ನಮ್ಮ ಫರ್ಮ್‌ವೇರ್ ಪ್ರತಿ ಸಲವೂ ‘ಮುಚ್ಚಳ ಮುಚ್ಚಿದೆ’ ಎನ್ನುತ್ತಿತ್ತು. ಮುಚ್ಚಿದ ಮೇಲೆ ಮಲಗುವುದೇ ಸರಿಯಲ್ಲವೇ? ಅಗಲವಾಗಿ ಬಾಯಿ ತೆರೆದ ಲ್ಯಾಪ್‌ಟಾಪು ನನ್ನೆದುರಿಗೇ ಕೂತು ತಾನು ಬಾಯಿ ಮುಚ್ಚಿಕೊಂಡಿದ್ದೇನೆ ಎಂದು ಸಾಧಿಸುತ್ತಿತ್ತು.

ತಪ್ಪು ಕಂಡರೆ ಕೆಂಪು ಗೆರೆ ಎಳೆಯದೆ ಬಿಡುವವಳಲ್ಲ ನಾನು. ಆ ಬರಹವನ್ನೇ ಅಳಿಸಿ ಸರಿಯಾದದ್ದನ್ನು ಬರೆಯುತ್ತೇನೆಂದು ಹೊರಟೆ. ತಯಾರಿಸಿದವರು ಈ ಹಳೆಯ ಮಾದರಿಗೆ ತಿದ್ದುಪಡಿ ಕೊಡುವುದನ್ನು ಎಂದೋ ನಿಲ್ಲಿಸಿದ್ದರು. ಅಂತರ್ಜಾಲದಲ್ಲಿ ಯಾರೋ ಪುಣ್ಯಾತ್ಮ ಹಾಕಿದ್ದ ಕಡತ ತಂದು ಒಂದರ ಮೇಲೆ ಬರೆದೆ. ಅದು ನಿದ್ದೆ ಹೋಗುವುದನ್ನು ಬಿಟ್ಟಿತು, ಏಕೆಂದರೆ ಆಮೇಲೆ ಏಳಲೇ ಇಲ್ಲ. ಹತ್ತು ಇದ್ದದ್ದು ಒಂಬತ್ತಾಯಿತು. ಟೆಂಪೋದವನು ಒಯ್ಯುವ ಮೊದಲೇ ಒಂದನ್ನು ನನ್ನ ಕೈಯಾರೆ ಕೊಂದಿದ್ದೆ.

ಗುರುವಾರ ಮುಖ ಊದಿಸಿಕೊಂಡು ಕಚೇರಿಯಲ್ಲಿ ಚಹಾ ಹಿಡಿದು ಕೂತಿದ್ದೆ. ಶರಣಪ್ಪನವರು ನನ್ನ ಸೇವಾ ಪುಸ್ತಕ ತೆರೆದು ವಿಳಾಸ ಸರಿಪಡಿಸುತ್ತಿದ್ದರು. ‘ಆ ಯಲಬುರ್ಗಾ ತಾಲ್ಲೂಕು ಅನ್ನೋದನ್ನ ಹೊಡದು ಹಾಕ್ರಿ’ ಎಂದೆ, ಆ ಸಿಟ್ಟನ್ನು ಅಲ್ಲಾದರೂ ತೀರಿಸಿಕೊಳ್ಳೋಣವೆಂದು.

‘ಹೊಡೀಬಾರದ್ರಿ ಮೇಡಂ!’ ಎಂದು ಅವರು ಪುಸ್ತಕವನ್ನು ತಮ್ಮ ಕಡೆಗೆ ಎಳೆದುಕೊಂಡರು. ‘ಹೊಡದ್ರ ಪುಸ್ತಕನ ಕೆಡ್ತೈತಿ. ಹಳೇದು ಹಂಗ ಇರ್ಲಿ. ಬಾಜೂಕ ಖರೇದು ಬರದು ಸಹಿ ಮಾಡಿದ್ರ ಮುಗೀತು. ಮುಂದ ಓದಾವ್ರು ಬಾಜೂಕಿಂದ ನೋಡ್ತಾರ.’

ನಾನು ಚಹಾ ಅಲ್ಲೇ ಬಿಟ್ಟು ಎದ್ದೆ. ಒಂದು ಯಂತ್ರದ ಪುಸ್ತಕ ಹೊಡೆದು ಕೆಡಿಸಿದ್ದೆ; ಉಳಿದ ಒಂಬತ್ತಕ್ಕೆ ಪಕ್ಕದಲ್ಲಿ ಬರೆದರೆ ಸಾಕಲ್ಲ! ಹುಡುಕಿದರೆ, ಕರ್ನಲ್ ಬರೆಯುವವರು ಶರಣಪ್ಪನವರ ದಾರಿಯನ್ನೇ ಎಂದೋ ಹಿಡಿದಿದ್ದರು. ಇಂಥ ಮಾದರಿ ಮುಚ್ಚಳದ ವಿಷಯದಲ್ಲಿ ಸುಳ್ಳು ಹೇಳುತ್ತದೆ, ನಂಬಬೇಡಿ, ತೆರೆದಿದೆ ಎಂದೇ ತಿಳಿಯಿರಿ ಎಂದು ಕರ್ನಲ್ಲಿನೊಳಗೆ ಒಂದು ಪಟ್ಟಿಯೇ ಇದೆ. ಬೈಗುಳವಿಲ್ಲ, ಗೋಳಿಲ್ಲ, ಯಂತ್ರದ ಹೆಸರು ಮತ್ತು ಮಾಡಬೇಕಾದ ಕೆಲಸ ಅಷ್ಟೇ. ನಮ್ಮ ಮಾದರಿಯ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ. ಆದರೆ ಚಾಲೂ ಆಗುವಾಗ ಕರ್ನಲ್ ಓದುವ ಸಾಲಿನ ತುದಿಗೆ ನಾವೇ ಒಂದು ಮಾತು ಸೇರಿಸಬಹುದಿತ್ತು: ಮುಚ್ಚಳ ತೆರೆದಿದೆ ಎಂದುಕೊಂಡೇ ಕೆಲಸ ಶುರುಮಾಡು. ಸೇರಿಸಿದೆ. ಒಂದು ನಿಮಿಷ ಆಯಿತು, ಎರಡಾಯಿತು, ಪಾಠದ ಗಂಟೆ ಹೊಡೆಯಿತು. ಪರದೆ ಬೆಳಗುತ್ತಲೇ ಇತ್ತು. ಫರ್ಮ್‌ವೇರ್ ಒಳಗೆ ತನ್ನ ಹಳೆಯ ಸುಳ್ಳನ್ನು ಹೇಳುತ್ತಲೇ ಇತ್ತು. ಕೇಳುವವರು ಮಾತ್ರ ಇರಲಿಲ್ಲ.

ಶನಿವಾರ ಟೆಂಪೋ ಬಂದಾಗ ಒಂಬತ್ತೂ ಸಾಲಾಗಿ ಬೆಳಗುತ್ತಿದ್ದವು. ಪ್ರಿನ್ಸಿಪಾಲರು ಸಂತೋಷಪಡುವ ಬದಲು ಪೇಚಿಗೆ ಬಿದ್ದರು. ‘ನಿರುಪಯುಕ್ತ ಅಂತ ಬರದಾಗೈತಲ್ರಿ?’ ಶರಣಪ್ಪನವರು ಆಗಲೇ ಪುಸ್ತಕ ತೆರೆದು, ಹಳೆಯ ಪದವನ್ನು ಮುಟ್ಟದೆ, ಒಂಬತ್ತರ ಪಕ್ಕದಲ್ಲಿ ‘ಚಾಲ್ತಿಯಲ್ಲಿವೆ’ ಎಂದು ಬರೆಯುತ್ತಿದ್ದರು. ಹತ್ತನೆಯದರ ಪಕ್ಕದಲ್ಲಿ, ಕೆಡಿಸಿದವಳು ನಾನೇ ಎಂದು ಬರೆದು ಸಹಿ ಮಾಡಿದೆ.

ಸೋಮವಾರ ಹುಡುಗಿಯರು ಬಂದರು. ಎಂಟು ಮಂದಿ ಕೂತರು, ಒಂಬತ್ತನೆಯವಳು, ಯಲಬುರ್ಗಾದಿಂದ ಬಸ್ಸಿನಲ್ಲಿ ಬರುವ ಗೌರಮ್ಮ, ಬಾಗಿಲಲ್ಲೇ ನಿಂತಳು.

‘ಮೇಡಂ, ನನಗ ಇದು ಬರಂಗಿಲ್ರಿ. ಸಾಲ್ಯಾಗ ನಂದು ಗಣಿತ ಭಾಳ ಕಚ್ಚಾ ಅಂತ ಕಾರ್ಡಿನ್ಯಾಗ ಬರದಾರ್ರಿ.’

ನನ್ನ ಪೆಟ್ಟಿಗೆಯ ತಳದ ಅಂಕಪಟ್ಟಿಯಲ್ಲಿರುವ ಕೆಂಪು ಶಾಯಿಯ ಸಾಲು ಅವಳ ಬಾಯಲ್ಲಿ ಕೇಳಿ ನನಗೆ ನಗುವೂ ಬಂತು, ಕಣ್ಣೂ ತುಂಬಿತು.

‘ನಂದ್ರಾಗೂ ಹಂಗ ಬರದೈತಿ’ ಎಂದೆ. ‘ಅದು ಅಲ್ಲೇ ಇರ್ಲಿ. ನೀ ಬಾ, ಕುಂದ್ರು.’