ಹೊಳೆಮರಳಲ್ಲಿ ಬಿದ್ದ ಫೋನು

ಎದುರುಮನೆಯವರು ಮೇಲೊಂದು ಮಾಳಿಗೆ ಎಬ್ಬಿಸುತ್ತಿದ್ದಾರೆ. ಬೆಳಿಗ್ಗೆ ಟ್ರ್ಯಾಕ್ಟರು ಒಂದು ಹೇರು ಹೊಳೆಮರಳು ಸುರಿದು ಹೋಯಿತು. ಆ ಒದ್ದೆ ಮರಳಿನ ವಾಸನೆ ಜಮಖಂಡಿಯ ನಮ್ಮ ಅಡುಗೆಮನೆಯ ತನಕ ಬಂತು ನೋಡಿ, ಒಲೆಯ ಮೇಲೆ ಹಾಲು ಉಕ್ಕಿದ್ದೂ ನನಗೆ ತಿಳಿಯಲಿಲ್ಲ. ನಾನು ಆಗಲೇ ಮನಸ್ಸಿನಲ್ಲಿ ಚಿಕ್ಕಪಡಸಲಗಿಯ ಹೊಳೆದಂಡೆಗೆ ಹೋಗಿಬಿಟ್ಟಿದ್ದೆ.

ನಿಶ್ಚಿತಾರ್ಥದ ಫೋಟೋ ತೆಗೆದುಕೊಳ್ಳಲು ಒಂದು ಸಂಜೆ ಅಲ್ಲಿಗೆ ಹೋಗಿದ್ದೆವು. ಈಗಿನ ಹುಡುಗಿಯರು ಅದಕ್ಕಾಗಿ ಸಮುದ್ರದ ತನಕ ಹೋಗುತ್ತಾರಂತೆ. ನಮಗೆ ಕೃಷ್ಣೆಯೇ ಸಮುದ್ರ. ಸ್ಟುಡಿಯೋದವರನ್ನು ಕರೆಯಲಿಲ್ಲ, ಏಕೆಂದರೆ ನನ್ನದು ಉಡಿಕಿ. ಗಂಡ ಸತ್ತವಳ ಮರುಮದುವೆಗೆ ನಮ್ಮಲ್ಲಿ ಹಾಗೆನ್ನುತ್ತಾರೆ. ಬಾಜಾ ಇಲ್ಲ, ಗದ್ದಲ ಇಲ್ಲ, ನಾಲ್ಕು ಜನ ಕೂತು ಮುಗಿಸಿಬಿಡುವುದು. ನನಗೋ ಫೋಟೋದ ಹುಚ್ಚು! ಅಷ್ಟು ಪೌಡರು ಬಳಿದುಕೊಂಡದ್ದು ಸುಮ್ಮನೆ ಹೋಗಬೇಕೇ?

ಜೊತೆಗೆ ಬಂದವಳು ನನ್ನ ಅತ್ತೆ, ತೀರಿಕೊಂಡ ಗಂಡನ ತಾಯಿ. ಚಿಮ್ಮಡದಲ್ಲಿ ನಾವಿಬ್ಬರೇ ಇದ್ದೆವು, ಒಂದೇ ಗಂಗಾಳದಲ್ಲಿ ಉಂಡವರು. ಈ ಸಂಬಂಧ ಹುಡುಕಿದ್ದೂ ಅವಳೇ. "ನಾ ಇರೂತನಕ ನಾ ಅದೇನಿ, ಆಮ್ಯಾಲ ಯಾರದಾರ ನಿನಗ?" ಎಂದು ಬೈದು ಬೈದೇ ಒಪ್ಪಿಸಿದ್ದಳು. ಅವಳಿಲ್ಲದ ಫೋಟೋ ನನಗೆ ಬೇಡವೆಂಬುದು ನನ್ನ ಹಟ. ತನ್ನ ನೆರಳು ಈ ಶುಭಕಾರ್ಯದ ಮೇಲೆ ಬೀಳಬಾರದೆಂಬುದು ಅವಳ ಹಟ. ಗಂಡ, ಮಗ ಇಬ್ಬರನ್ನೂ ಕಳೆದುಕೊಂಡವಳು. ಅದೆಲ್ಲ ತನ್ನ ದೆಸೆಯಿಂದಲೇ ಆಯಿತೆಂದು ಅವಳ ಎದೆಯಲ್ಲಿ ಗಟ್ಟಿಯಾಗಿ ಕೂತಿತ್ತು.

ಹೊಳೆಗೆ ಉಡಿ ತುಂಬಲು ಖಣ, ಕಾಯಿ, ಅಕ್ಕಿ ಎಲ್ಲ ಅವಳೇ ಕಟ್ಟಿಕೊಂಡು ಬಂದಿದ್ದಳು. ಬಂದ ಮೇಲೆ, "ನೀ ತುಂಬ ಮಗಳ, ನಾ ತುಂಬಬಾರದು" ಎಂದು ಹಿಂದೆ ಸರಿದಳು. ನಾನು ಮೊಣಕಾಲುದ್ದ ನೀರಿಗಿಳಿದು ಹೊಳೆಯ ಗಂಗವ್ವನಿಗೆ ಉಡಿ ಕೊಟ್ಟೆ. ಹೊತ್ತು ಮುಳುಗುತ್ತಿತ್ತು. ಬ್ಯಾರೇಜಿನ ಆಚೆ ಯಾವುದು ನೀರು, ಯಾವುದು ಮುಗಿಲು ಗೊತ್ತಾಗದು. ಕಬ್ಬಿನ ಹೊಲದ ಗಾಳಿ ತಣ್ಣಗೆ ಬರುತ್ತಿತ್ತು, ಎಲ್ಲೋ ಕುರಿಹಿಂಡಿನ ಗಂಟೆ ಕೇಳುತ್ತಿತ್ತು. ನಾನು ಎಚ್ಚರವಿದ್ದೇ ಕನಸು ಕಾಣುತ್ತಿದ್ದೆ ಅನ್ನಿ.

ನನ್ನವರು ಆಗಿನ್ನೂ ಸರಿಯಾಗಿ ಪರಿಚಯವಿಲ್ಲದ ಮನುಷ್ಯ, ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವ ಮಾಸ್ತರು. ನಾವು ಹೇಗೆ ನಿಂತಿದ್ದೇವೆಂದು ನಮಗೇ ಕಾಣಲಿ ಅಂತ ಫೋನಿನ ಪರದೆಯನ್ನು ನಮ್ಮ ಕಡೆ ಮಾಡಿ, ಕಲ್ಲಿಗೆ ಆನಿಸಿಟ್ಟು, ಟೈಮರ್ ಹಚ್ಚಿ ಓಡಿ ಬರುತ್ತಿದ್ದರು. ಮೊದಲ ಫೋಟೋದಲ್ಲಿ ಅವರ ಬೆನ್ನು ಬಂತು. ಎರಡನೆಯದರಲ್ಲಿ ನಾನು ಸೀನಿದ್ದು ಬಂತು. ಅತ್ತೆ ಫೋಟೋದಲ್ಲಿ ಬೀಳದಂತೆ ಆ ಕಲ್ಲಿನ ಹಿಂದೆಯೇ ಕೂತಿದ್ದಳು.

"ಅತ್ತಿ, ನೀನೂ ಬಾ ಬೇ" ಎಂದೆ.

"ಸುಮ್ನ ನಿಂದರ. ಛಲೋ ಕಾಣಾಕತ್ತೀರಿ."

ಮೂರನೆಯ ಸಲ ಟೈಮರ್ ಓಡುತ್ತಿದ್ದಾಗಲೇ ಗಾಳಿ ಬೀಸಿ ಫೋನು ಮರಳಿನಲ್ಲಿ ಜಾರಿ, ಪರದೆ ಮೇಲಾಗಿ ಅಂಗಾತ ಬಿತ್ತು. "ಅಯ್ಯ ಶಿವನ! ಫೋನ್ ಬಿತ್ತಲೋ ತಮ್ಮಾ!" ಎಂದು ಅತ್ತೆ ಎದ್ದು ಬಂದು ಅದರ ಮೇಲೆ ಬಾಗಿದಳು. ನಾವೂ ಓಡಿ ಬಂದು ಅವಳ ಹೆಗಲ ಮೇಲಿಂದ ಇಣುಕಿದೆವು. ಫೋನು ಟಿಕ್ ಎಂದಿತು.

ಫೋಟೋದ ತುಂಬ ಅತ್ತೆಯೇ. ಹಣೆಯ ಮೇಲೆ ಬೀರಪ್ಪ ದೇವರ ಅರಿಸಿನದ ಭಂಡಾರ, ಗಾಬರಿಯಲ್ಲಿ ಅರಳಿದ ಕಣ್ಣು, ಆಚೆ ಈಚೆ ಹೆಗಲಿಗೆ ನಮ್ಮಿಬ್ಬರ ಮುಖ, ಹಿಂದೆ ಕೆಂಪು ಮುಗಿಲು. ನಾನು ಚಪ್ಪಾಳೆ ತಟ್ಟಿದೆ. ಅತ್ತೆಯ ಮುಖ ಬಿಳಚಿಕೊಂಡಿತು.

"ಅಳಸಿಬಿಡೋ ತಮ್ಮಾ. ಕೈ ಮುಗಿತೇನಿ. ನನ್ನ ನೆಳ್ಳ ನಿಮಗ ಬ್ಯಾಡ."

ಈ ಮನುಷ್ಯ ಈಗ ಏನು ಮಾಡಿಯಾರು? ಮಾಸ್ತರು ಫೋನನ್ನು ತಿರುವಿ ಮುರುವಿ ನೋಡಿದರು, ತಲೆ ಕೆರೆದುಕೊಂಡರು.

"ತಗಿಯೂದಷ್ಟ ಬರತೈತ್ರಿ ಅವ್ವಾರ. ಅಳಸೂದು ನನಗ ಬರಂಗಿಲ್ಲ."

ಕಂಪ್ಯೂಟರ್ ಮಾಸ್ತರು! ಇಷ್ಟು ಹಸಿ ಸುಳ್ಳನ್ನು ಇಷ್ಟು ಗಂಭೀರವಾಗಿ ಹೇಳುವವರ ಜೊತೆ ಬಾಳಬಹುದು ಎಂದು ನನಗೆ ಖಾತ್ರಿಯಾಯಿತು. ಉಡಿಕಿ ಆದದ್ದು ಆಮೇಲೆ. ನಾನು ಅವರನ್ನು ಮನಸಾರೆ ಒಪ್ಪಿದ್ದು ಆ ಹೊಳೆದಂಡೆಯಲ್ಲೇ.

ಅತ್ತೆ ಈಗ ನಮ್ಮ ಜೊತೆಗೇ ಇದ್ದಾಳೆ. ಇಷ್ಟು ದಿನ ಆ ಫೋಟೋ ತೋರಿಸಹೋದರೆ ಮುಖ ಆಚೆ ತಿರುಗಿಸುತ್ತಿದ್ದವಳು, ಇವತ್ತು ಆ ಮರಳಿನ ವಾಸನೆಗೆ ನಾನು ಮತ್ತೆ ಅದನ್ನು ತೆಗೆದು ತೋರಿಸಿದಾಗ ಫೋನನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದಳು. ಶಾಲೆಗೆ ಹೊರಟ ಮಾಸ್ತರು ಬಾಗಿಲಲ್ಲಿ ಬೂಟು ಹಾಕಿಕೊಳ್ಳುತ್ತಿದ್ದರು.

"ಅಳಸೂದು ಈಗರ ಕಲ್ತೀಯೇನೋ?" ಎಂದು ಕೇಳಿದಳು.

"ಇನ್ನೂ ಇಲ್ಲ ಬೇ ಅವ್ವಾ."

"ಕಲೀಬ್ಯಾಡ" ಎಂದಳು ಅತ್ತೆ.