ನಮ್ಮ ಮನೆಯ ಹುಣಸೆಹಣ್ಣು

ನಮ್ಮೂರಿನ ಕಲಾಯಿ ಸಾಬರ ಬಲಗೈ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಕಾದ ಪಾತ್ರೆಗೆ ಬಟ್ಟೆಯಿಂದ ತವರ ಉಜ್ಜಿ ಉಜ್ಜಿ ಸವೆದುಹೋಗಿದ್ದವು. ಅರಕಲಗೂಡು ಸೀಮೆಯ ಅರ್ಧ ಪಾತ್ರೆಗಳು ಬೆಳ್ಳಗಾದದ್ದು ಆ ಕೈಯಲ್ಲಿ. "ಪಾತ್ರೆ ತಳ ನೋಡಿ ಯಜಮಾನ್ತಿ ಗುಣ ಏಳ್ತೀನಿ" ಎನ್ನುತ್ತಿದ್ದವರು ನಮ್ಮವ್ವನ ಪಾತ್ರೆ ಬಂದಾಗ ಮಾತ್ರ ಜಾಣತನದಿಂದ ಸುಮ್ಮನಿರುತ್ತಿದ್ದರು.

ಬಾಬಯ್ಯನ ಹಬ್ಬಕ್ಕೆ, ಅಂದರೆ ಮೊಹರಮ್ಮಿಗೆ, ಹಸ್ತದಾಕಾರದ ಹಿತ್ತಾಳೆ ಪಂಜಾ ತೊಳೆದು ಎತ್ತುವವರು ಅವರೇ. ತೊಳೆಯುವುದಕ್ಕೆ ಯಾವ ಕೇರಿಯೂ ತಪ್ಪದಂತೆ ಊರಿನ ಪ್ರತಿ ಮನೆಯಿಂದ ಒಂದೊಂದು ಉಂಡೆ ಹುಣಸೆಹಣ್ಣು ಬರಬೇಕು.

ನಾನಾಗ ಹಾಸನದ ಕಾಲೇಜಿನಲ್ಲಿ ಪವಾಡಗಳೆಲ್ಲ ಸುಳ್ಳೆಂದು ವಾದಿಸಿ ಚರ್ಚಾಸ್ಪರ್ಧೆ ಗೆದ್ದು ಊರಿಗೆ ಬಂದವನು. ಒಂದು ಮನೆಯದು ತಪ್ಪಿದರೆ ಏನಾಗುತ್ತದೆ ನೋಡೋಣ ಎಂದು ಅವ್ವ ಕೊಟ್ಟ ಉಂಡೆಯನ್ನು ಜೇಬಿನಲ್ಲೇ ಇಟ್ಟುಕೊಂಡೆ.

ಮಧ್ಯಾಹ್ನ ಇಳಿದರೂ ಸಾಬರು ಬಾವಿಕಟ್ಟೆ ಬಿಟ್ಟೇಳಲಿಲ್ಲ. ಸಂಜೆಗೆ ಪಂಜಾ ಏಳಬೇಕು. ತಮಟೆಯವರು ಆಗಲೇ ಬಂದು ಕೂತಿದ್ದರು.

"ನಿಮ್ಮನೇದು ಬಂದಿಲ್ಲ ಕಣಪ್ಪ" ಎಂದರು, ನೋಡಲು ಹೋದ ನನಗೆ.

"ಬರ್ದಿದ್ರೆ ಪಂಜಾ ಒಳೆಯಕಿಲ್ವಾ ಸಾಬ್ರೇ?"

"ಒಳೀತದೆ. ಆದ್ರೆ ನಮ್ ಕೇರಿ ಪಂಜಾ ಆಯ್ತದೆ, ಊರ್ದಾಗಕಿಲ್ಲ. ನಮ್ಮಪ್ಪ ಅಂಗೆ ಎತ್ತಿಲ್ಲ. ನಾನೂ ಎತ್ತಕಿಲ್ಲ."

ನಾನು ಬಿಡಲಿಲ್ಲ. "ಪ್ಯಾಟೆ ಮೌಲ್ವಿಗಳು ಇದು ನಿಮ್ ಧರ್ಮವೇ ಅಲ್ಲ ಅಂತಾರಂತೆ. ನಮಗೆ ನೀವು ಸಾಬ್ರು, ಅವರಿಗೆ ಅರೆ ಸಾಬ್ರು. ಅಂಗಾದ್ರೆ ನೀವು ಯಾರು?"

ಅವರು ಸಿಟ್ಟಾಗಲಿಲ್ಲ. "ಕರ್ಬಲದಾಗೆ ಉಸೇನ್ ಸಾಬ್ರು ನೀರಿಲ್ದೆ ಸತ್ತ ಕತೆ ನಿಮ್ಮವ್ವಂಗೆ ಗೊತ್ತಾ?"

ಗೊತ್ತಿತ್ತು. ಹಬ್ಬದ ಪದ ಕೇಳುತ್ತ ಅವ್ವ ಪ್ರತಿ ವರ್ಷ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಏಳ್ಕೊಟ್ಟೋರು ಯಾರು? ಪ್ಯಾಟೆಯೋರು ಬಂದಿದ್ರಾ? ನಾವು ಏಳಿದ್ದು, ಕನ್ನಡದಾಗೆ. ಆ ಕತೆ ಈ ಊರಿಗೆ ತಂದೋರು ನಾವು ಕಣ್ಲಾ."

ಅದುವರೆಗೆ ಅವರು ನನ್ನನ್ನು 'ಲಾ' ಎಂದಿರಲಿಲ್ಲ. ಮರುವಾದ ಹುಡುಕುತ್ತ ಜೇಬಿಗೆ ಕೈಹಾಕಿದೆ, ಸಿಕ್ಕಿದ್ದು ಹುಣಸೆಹಣ್ಣು. ಮೈಬಿಸಿಗೆ ಮೆತ್ತಗಾಗಿದ್ದ ಉಂಡೆಯನ್ನು ಅವರ ಅಂಗೈಗಿಟ್ಟೆ. ಇಷ್ಟು ಹೊತ್ತು ಎಲ್ಲಿತ್ತು ಎಂದು ಅವರು ಕೇಳಲಿಲ್ಲ. ಕಿವುಚಿ ನೋಡಿ, "ಬೀಜ ತೆಗ್ದು ಕೊಟ್ಟವ್ಳೆ ತಾಯಿ" ಎಂದರು. ನಮ್ಮವ್ವನ ಬಗ್ಗೆ ಅವರು ಹೇಳಿದ ಒಂದೇ ಒಳ್ಳೆ ಮಾತು.

ಸಂಜೆ ಪಂಜಾ ಎತ್ತಿ ಬಂದ ಅವರ ಕಾಲಿಗೆ ಮನೆಮನೆಯವರೂ ನೀರು ಹೊಯ್ದರು. ಕಲಾಯಿ ತಿದಿಯ ಮುಂದೆ ಸದಾ ಬಾಗಿರುತ್ತಿದ್ದ ಬೆನ್ನು ಅಂದು ನೆಟ್ಟಗಿತ್ತು.

ಅವರು ತೀರಿಕೊಂಡು ಎರಡು ವರ್ಷವಾಯಿತು. ಪವಾಡಗಳನ್ನು ನಾನು ಈಗಲೂ ನಂಬುವುದಿಲ್ಲ. ಈ ಸಲ ಬಾವಿಕಟ್ಟೆಯ ಮೇಲೆ ಅವರ ಮಗ ಕೂತಿದ್ದ. "ನಿಮ್ಮನೇದು?" ಎಂದು ಕೈ ಚಾಚಿದ. ಅವನ ಬೆರಳ ಗೆರೆಗಳೂ ಮಾಸತೊಡಗಿದ್ದವು.

ಬೀಜ ತೆಗೆದೇ ತಂದಿದ್ದೆ.